ಪಾವಟಿಗೆಯ ಮುಂದಿನ ಎರಡೂವರೆ ಇಂಚು

ಕಳೆದ ವರ್ಷ ಆಷಾಢದ ಒಂದು ಸಂಜೆ. ಜಿಟಿಜಿಟಿ ಮಳೆ ಹಿಡಿದಿತ್ತು. ಗೇಟಿನ ಹತ್ತಿರ ಹೋಗಿ ಹಾಲಿನ ಪಾಕೀಟು ತೆಗೆದುಕೊಂಡು ಬರುತ್ತಿದ್ದ ನನ್ನ ಹೆಂಡತಿ ಮನೆಯ ಮೊದಲ ಪಾವಟಿಗೆಗೆ ಎಡವಿ ಬಿದ್ದಳು. ಪಾವಟಿಗೆ ಅಂದರೆ ಮೆಟ್ಟಿಲು, ನಮ್ಮ ಹುಬ್ಬಳ್ಳಿ ಕಡೆ ಹೀಗೇ ಅನ್ನುವುದು. ಬಲಗೈ ಊರಿದ್ದರಿಂದ ತಲೆಗೆ ಪೆಟ್ಟಾಗಲಿಲ್ಲ, ಆದರೆ ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತು. ಆರು ವಾರ ಪ್ಲಾಸ್ಟರ್. ಆಕೆಗೆ 69, ನನಗೆ 73. ಆ ಆರು ವಾರ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಲಿಲ್ಲ.

ಮೂವತ್ತು ವರ್ಷ ದಿನಕ್ಕೆ ಹತ್ತು ಸಲ ಹತ್ತಿ ಇಳಿದ ಪಾವಟಿಗೆ ಅದು. ಕಣ್ಣು ಮುಚ್ಚಿಕೊಂಡು ಬಂದರೂ ಎಷ್ಟು ಎತ್ತರಕ್ಕೆ ಎತ್ತಬೇಕು ಎಂದು ಕಾಲಿಗೇ ಗೊತ್ತಿತ್ತು. ಹಾಗಾದರೆ ಎಡವಿದ್ದು ಹೇಗೆ? ಮರುದಿನ ನಾನು ಟೇಪು ಹಿಡಿದು ಕೂತೆ. ಮನೆ ಕಟ್ಟಿಸಿದಾಗ ಮೊದಲ ಪಾವಟಿಗೆಯ ಎತ್ತರ 6 ಇಂಚು ಇತ್ತು. ಈಗ ಎಂಟೂವರೆ ಇಂಚು. ಪಾವಟಿಗೆ ಬೆಳೆದಿರಲಿಲ್ಲ, ಅದರ ಮುಂದಿನ ಕಾಂಕ್ರೀಟು ನೆಲ ಎರಡೂವರೆ ಇಂಚು ಕೆಳಗೆ ಹೋಗಿತ್ತು. ಕಾಲು ರೂಢಿಯಂತೆ 6 ಇಂಚೇ ಎದ್ದಿತ್ತು.

ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಆ ನೆಲ ಕುಸಿಯುತ್ತಿರುವುದು ನನಗೆ ಎರಡು ವರ್ಷದಿಂದ ಗೊತ್ತಿತ್ತು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಲೆಕ್ಕ ತಾಳೆಯಾಗದಿದ್ದರೆ ಆ ವ್ಯತ್ಯಾಸವನ್ನು ತಾತ್ಕಾಲಿಕವಾಗಿ ‘ಸಸ್ಪೆನ್ಸ್ ಅಕೌಂಟ್’ ಎಂಬ ಖಾತೆಗೆ ಹಾಕಿ ಇಡುವುದುಂಟು. ಆಮೇಲೆ ಹುಡುಕಿ ಸರಿಪಡಿಸಬೇಕು, ಅದು ನಿಯಮ. ನಾನು ಅಂಗಳವನ್ನು ಆ ಖಾತೆಗೆ ಹಾಕಿ ಮರೆತುಬಿಟ್ಟಿದ್ದೆ. ಪ್ರತಿ ಬೇಸಿಗೆಯಲ್ಲಿ ಒಂದಿಷ್ಟು ಸಿಮೆಂಟು ಕಲಸಿ ಬಿರುಕಿಗೆ ಮೆತ್ತುವುದು, ಮಳೆಗಾಲ ಮುಗಿಯುವಷ್ಟರಲ್ಲಿ ಅದು ಹಪ್ಪಳದಂತೆ ಎದ್ದು ಬರುವುದು. ಇದನ್ನು ನೋಡಿ ಆರನೇ ಇಯತ್ತೆಯ ನನ್ನ ಮೊಮ್ಮಗಳು ಒಮ್ಮೆ ಕೇಳಿದ್ದಳು: “ಅಜ್ಜಾ, ಈ ನೆಲಕ್ಕ ಎಷ್ಟ ಹಸಿವು? ಎಷ್ಟ ಸಿಮೆಂಟ ಹಾಕಿದ್ರೂ ನುಂಗತೈತಲ್ಲ!”

ಆಗ ನಕ್ಕು ಸುಮ್ಮನಾಗಿದ್ದೆ. ಈ ಸಲ ನಗು ಬರಲಿಲ್ಲ.

ಆಸ್ಪತ್ರೆಯಿಂದ ಬಂದ ದಿನವೇ ಎರಡು ಕೆಲಸ ಮಾಡಿದೆವು. ಪಾವಟಿಗೆಯ ಅಂಚಿಗೆ ನಾಲ್ಕು ಬೆರಳು ಅಗಲ ಹಳದಿ ಬಣ್ಣ ಬಳಿದೆವು, ಅದರ ಮೇಲೆ ಬೆಳಕು ಬೀಳುವಂತೆ ಒಂದು ಬಲ್ಬು ಹಾಕಿದೆವು. ಗುಂಡಿಯಲ್ಲಿ ಅಲುಗಾಡದಂತೆ ದಪ್ಪ ಹಲಗೆಯೊಂದನ್ನು ಕೂರಿಸಿ, ಕಾಲು ಜಾರದಿರಲೆಂದು ಅದರ ಮೇಲೆ ಗೋಣಿ ಹೊಡೆದೆವು. ದುರಸ್ತಿ ಯಾವಾಗ ಆಗುತ್ತದೋ ಆಗಲಿ, ನನ್ನ ವಯಸ್ಸಿನ ಓದುಗರು ಈ ಎರಡನ್ನು ಮಾತ್ರ ನಾಳೆಗೆ ಇಡಬೇಡಿ.

ಆಮೇಲೆ ತನಿಖೆ ಶುರುವಾಯಿತು. ತನಿಖಾಧಿಕಾರಿ ಮೊಮ್ಮಗಳು. ಅಂಗಳದ ಕಾಂಕ್ರೀಟು ಗೇಟಿನಿಂದ ಪಾವಟಿಗೆಯವರೆಗೆ 20 ಅಡಿ ಉದ್ದ, 8 ಅಡಿ ಅಗಲ. 2016ರಲ್ಲಿ ಮಗ ಕಾರು ಕೊಂಡಾಗ ಹಾಕಿಸಿದ್ದು. ಅದಕ್ಕೂ ಮೊದಲು ಅಲ್ಲಿ ಬರೀ ಗರಸು ಹರಡಿ ನಡುವೆ ಕಲ್ಲು ಹಾಸಿದ್ದೆವು. ಹಾಕಿಸಿದ ಗುತ್ತಿಗೆದಾರ ಎರಡೇ ದಿನದಲ್ಲಿ ಕೆಲಸ ಮುಗಿಸಿ ಹಣ ಎಣಿಸಿಕೊಂಡು ಹೋಗಿದ್ದ. ಅಷ್ಟು ಬೇಗ ಮುಗಿಯಿತಲ್ಲ ಎಂದು ನಾನೂ ಹಿಗ್ಗಿದ್ದೆ.

ಮೊಮ್ಮಗಳು ಮೊದಲು ಮಾಡಿದ್ದು ಗೋಲಿಯ ಪರೀಕ್ಷೆ. ಗೇಟಿನ ಹತ್ತಿರ ಬಿಟ್ಟ ಗೋಲಿ ರಸ್ತೆಯ ಕಡೆ ಉರುಳಿತು. ಪಾವಟಿಗೆಯಿಂದ 5 ಅಡಿ ದೂರದಲ್ಲಿ ಬಿಟ್ಟ ಗೋಲಿ ಮನೆಯ ಕಡೆಗೇ ಉರುಳಿ ಬಂತು! ಅಂದರೆ ಮಳೆನೀರು ಕೂಡ ಮನೆಯ ಕಡೆಗೇ ಬರುತ್ತದೆ ಎಂದಾಯಿತು. ಗೋಲಿ ದಿಕ್ಕನ್ನು ಹೇಳಿತು, ಎಷ್ಟು ಎಂದು ಹೇಳಲಿಲ್ಲ. ಅದಕ್ಕೆ ಗೌಂಡಿಗಳು ಬಳಸುವ ಪಾರದರ್ಶಕ ಪೈಪು ತಂದೆವು. ಇದು ಬಹಳ ಸರಳವಾದ, ಸ್ವಲ್ಪವೂ ಸುಳ್ಳು ಹೇಳದ ಸಾಧನ. ಪೈಪಿನಲ್ಲಿ ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿ ಎರಡೂ ತುದಿ ಮೇಲಕ್ಕೆ ಹಿಡಿದರೆ, ನಡುವೆ ಪೈಪು ಹೇಗೇ ಬಳುಕಿರಲಿ, ಎರಡೂ ಕಡೆಯ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಒಂದು ತುದಿ ನಾನು ಹಿಡಿದೆ, ಇನ್ನೊಂದು ಆಕೆ. ಪ್ರತಿ 2 ಅಡಿಗೆ ನೀರಿನ ಮಟ್ಟದಿಂದ ನೆಲದವರೆಗೆ ಅಳೆದು ನೋಟುಪುಸ್ತಕದಲ್ಲಿ ಬರೆದೆವು.

ಕೊನೆಯ ಪರೀಕ್ಷೆ ಸದ್ದಿನದು. ಸಂತೆಯಲ್ಲಿ ಗಡಿಗೆ ಬಾರಿಸಿ ನೋಡುತ್ತೇವಲ್ಲ, ಹಾಗೆ ಸುತ್ತಿಗೆಯ ಹಿಡಿಯಿಂದ ನೆಲವನ್ನು ತಟ್ಟುತ್ತ ಹೋಗುವುದು. ಕೆಳಗೆ ಮಣ್ಣು ಗಟ್ಟಿಯಾಗಿದ್ದಲ್ಲಿ ‘ಠಕ್ ಠಕ್’, ಟೊಳ್ಳಿದ್ದಲ್ಲಿ ‘ಡಬ್ ಡಬ್’. ಟೊಳ್ಳು ಕೇಳಿದಲ್ಲೆಲ್ಲ ಮೊಮ್ಮಗಳು ಸೀಮೆಸುಣ್ಣದಿಂದ ಗೆರೆ ಎಳೆದಳು. ಪಾವಟಿಗೆಯ ಮುಂದೆ 6 ಅಡಿಯಷ್ಟು ಪೂರಾ ಟೊಳ್ಳು. ನಡುವೆ, ಇನ್ನೂ ಕುಸಿಯದೆ ನಿಂತಿದ್ದ ಜಾಗದಲ್ಲೂ ತಟ್ಟೆಯಗಲದ ಎರಡು ಟೊಳ್ಳು. ಗೇಟಿನ ಕಡೆ ಎಲ್ಲ ಗಟ್ಟಿ.

ಗೌಂಡಿ ಬಂದದ್ದು ದಸರೆಯ ನಂತರ. ಕರೆದದ್ದು ಶ್ರಾವಣದಲ್ಲೇ, ಆದರೆ ಆತ ಒಪ್ಪಲಿಲ್ಲ. “ಮಳಿಯಾಗ ಎರಿ ಮಣ್ಣ ಮುಟ್ಟಬಾರದ್ರೀ ಸಾಹೇಬ್ರ. ಕೆಸರಾಗ ದಮ್ಮಸ್ಸು ಹ್ಯಾಂಗ ಮಾಡೂದು?” ಅಂದಿದ್ದ. ಬಂದವನು ಗೆರೆಗಳನ್ನು ನೋಡಿ, ಇದನ್ನೆಲ್ಲ ಯಾವ ಇಂಜಿನಿಯರ್ ಗುರುತು ಮಾಡಿದ್ದು ಎಂದು ಕೇಳಿದ. ಇಂಜಿನಿಯರ್ ಆಗ ಶಾಲೆಯಲ್ಲಿದ್ದಳು.

ನಾನು ನೇರವಾಗಿ ಕೇಳಿದೆ, ಸಿಮೆಂಟು ಕಳಪೆ ಇತ್ತೇನು? ಆತ ಹಾರೆಯಿಂದ ಒಡೆದ ತುಂಡೊಂದನ್ನು ಎತ್ತಿ ತೋರಿಸಿದ. ಅಂಚಿನಲ್ಲಿ ಖಡಿ ಕೂಡ ಕತ್ತರಿಸಿದಂತೆ ಒಡೆದಿತ್ತು. ಖಡಿ ಅಂದರೆ ಜಲ್ಲಿ. “ಸಿಮೆಂಟ ಚಲೋ ಐತ್ರೀ. ಸಿಮೆಂಟ ಎಂದೂ ತಾನಾಗಿ ಕುಸಿಯೂದಿಲ್ಲ. ಕೆಳಗಿನ ಮಣ್ಣು ಇಳೀತೈತಿ, ಇದು ಅದರ ಬೆನ್ನ ಹತ್ತಿ ಹೊಕ್ಕೈತಿ, ಅಷ್ಟ.”

ಎರಡು ವರ್ಷ ನಾನು ಮೇಲೆ ಮೆತ್ತುತ್ತಿದ್ದೆ. ರೋಗ ಕೆಳಗಿತ್ತು. ನೀವೇ ಲೆಕ್ಕ ಹಾಕಿ ಮಕ್ಕಳೇ. ಕಾಂಕ್ರೀಟು ಒಂದು ಘನ ಮೀಟರಿಗೆ ಸುಮಾರು 2,400 ಕಿಲೋ ತೂಗುತ್ತದೆ. 4 ಅಡಿ ಉದ್ದ, 4 ಅಡಿ ಅಗಲ, 4 ಇಂಚು ದಪ್ಪದ ಒಂದು ತುಂಡು ಸುಮಾರು 360 ಕಿಲೋ, ಅಂದರೆ ಏಳು ಚೀಲ ಸಿಮೆಂಟಿನಷ್ಟು ಭಾರ. ಇಷ್ಟು ಭಾರ ಹೊತ್ತ ಮಣ್ಣು ಕೆಳಗೆ ಸರಿದರೆ, ಬಿರುಕಿಗೆ ಮೆತ್ತಿದ ಅರ್ಧ ಇಂಚು ಸಿಮೆಂಟು ಅದನ್ನು ತಡೆಯುತ್ತದೆಯೇ?

ತುಂಡುಗಳನ್ನು ಎತ್ತಿದ ಮೇಲೆ ಒಳಗೆ ಕಂಡದ್ದನ್ನು ಹೇಳುತ್ತೇನೆ. ಪಾವಟಿಗೆಯ ಬುಡದಲ್ಲಿ ನನ್ನ ಗೇಣು ಇಳಿಯುವಷ್ಟು ಖಾಲಿ ಜಾಗ. ಅಲ್ಲಿಂದ ಬಚ್ಚಲ ಕಡೆಗೆ ಹೆಗ್ಗಣದ ಬಿಲ. ಮಣ್ಣಿನಲ್ಲಿ ಇಟ್ಟಿಗೆ ಚೂರು, ಕೊಳೆತ ಹಲಗೆಯ ತುಂಡು, ಒಂದು ಹರಕು ಸಿಮೆಂಟು ಚೀಲ. 1994ರಲ್ಲಿ ಮನೆಯ ಅಡಿಪಾಯಕ್ಕೆಂದು ಆಳವಾಗಿ ತೋಡಿದ್ದರಲ್ಲ, ಗೋಡೆ ಎದ್ದ ಮೇಲೆ ಅದರ ಪಕ್ಕದಲ್ಲಿ ಉಳಿದ ತಗ್ಗಿಗೆ ಸಿಕ್ಕಿದ್ದನ್ನೆಲ್ಲ ತಳ್ಳಿ ಮುಚ್ಚಿದ್ದರು. ಯಾರೂ ಕುಟ್ಟಿ ಗಟ್ಟಿ ಮಾಡಿರಲಿಲ್ಲ. ಮನೆಗೆ ಹತ್ತಿದ ಅಂಗಳವೇ ಹೆಚ್ಚಾಗಿ ಕುಸಿಯುವುದು, ದೂರದ್ದು ಗಟ್ಟಿ ನಿಲ್ಲುವುದು ಇದೇ ಕಾರಣಕ್ಕೆ. ನಿಮ್ಮ ಮನೆಯಲ್ಲೂ ನೋಡಿ, ಗೋಡೆಯಿಂದ ಮೂರ್ನಾಲ್ಕು ಅಡಿಯೊಳಗೇ ಬಿರುಕು ಇರುತ್ತದೆ.

ಇದನ್ನು ಮೊಮ್ಮಗಳಿಗೆ ತಿಳಿಸಿದ್ದು ನಾನಲ್ಲ, ಅವಳ ಅಜ್ಜಿ. ಆಗಷ್ಟೇ ಪ್ಲಾಸ್ಟರ್ ಬಿಚ್ಚಿದ ಕೈ, ಇನ್ನೂ ಹೆಚ್ಚು ಬಲ ಇರಲಿಲ್ಲ. ಎಡಗೈಯಿಂದ ಜೋಳದ ಹಿಟ್ಟಿನ ಡಬ್ಬಿ ಎತ್ತಿಕೊಂಡು ಬಂದಳು. ಬಾಯಿಯವರೆಗೆ ಹಿಟ್ಟು ತುಂಬಿಸಿ, “ಇದು ತುಂಬೈತೋ ಇಲ್ಲೋ?” ಎಂದು ಕೇಳಿದಳು. ತುಂಬಿದೆ ಅಂದಳು ಮೊಮ್ಮಗಳು. ಅಜ್ಜಿ ಡಬ್ಬಿಯನ್ನು ಕಟ್ಟೆಯ ಮೇಲೆ ನಾಲ್ಕು ಸಲ ಕುಕ್ಕಿದಳು. ಹಿಟ್ಟು ಎರಡು ಬೆರಳು ಕೆಳಗೆ ಹೋಯಿತು. “ನಿಮ್ಮಜ್ಜ ಮನಿ ಕಟ್ಟಿಸಿದಾಗ ಯಾರೂ ಡಬ್ಬಿ ಕುಕ್ಕಲಿಲ್ಲ” ಅಂದಳು. ಮೂವತ್ತು ವರ್ಷದ ಮಳೆ, ಕಾರು, ನಮ್ಮೆಲ್ಲರ ಓಡಾಟ ಸೇರಿ ಆ ಕುಕ್ಕುವ ಕೆಲಸವನ್ನು ನಿಧಾನವಾಗಿ ಮಾಡಿದ್ದವು.

ಇದು ಅರ್ಧ ಕಥೆ. ಇನ್ನರ್ಧ ನಮ್ಮ ಮಣ್ಣಿನದು. ಹುಬ್ಬಳ್ಳಿ, ನವಲಗುಂದ, ಗದಗ ಕಡೆಯವರಿಗೆ ಎರೆಮಣ್ಣಿನ ಗುಣ ಹೇಳಬೇಕಿಲ್ಲ. ಹತ್ತಿ, ಬಿಳಿಜೋಳ, ಕಡಲೆಗೆ ತಾಯಿ. ಮನೆ ಕಟ್ಟುವವನಿಗೆ ಮಾತ್ರ ಮಲತಾಯಿ. ಇದರಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜಾತಿಯ ಬಹಳ ನುಣುಪಾದ ಜೇಡಿಕಣಗಳಿವೆ. ಕಣದ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆಹೊಲದಲ್ಲಿ ಕೈ ಹೋಗುವಷ್ಟು ದೊಡ್ಡ ಬಿರುಕು ಬಾಯಿಬಿಡುವುದನ್ನು ನೋಡಿದ್ದೀರಲ್ಲ. ಅದೇ ಮಣ್ಣು ಅಂಗಳದ ಕೆಳಗೂ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಇಡೀ ಅಂಗಳ ಒಂದೇ ಸಮ ಏರಿ ಇಳಿದರೆ ತೊಂದರೆ ಇಲ್ಲ. ಒಂದು ಮೂಲೆಗೆ ಹೆಚ್ಚು ನೀರು, ಇನ್ನೊಂದಕ್ಕೆ ಕಡಿಮೆ ಬಿದ್ದರೆ ಕಾಂಕ್ರೀಟು ನಡುವೆ ಮುರಿಯುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು ಮಕ್ಕಳೇ. ಒಂದೇ ಅಳತೆಯ ಮೂರು ಡಬ್ಬಿ ಮುಚ್ಚಳ ತೆಗೆದುಕೊಳ್ಳಿ. ಒಂದರಲ್ಲಿ ಎರೆಮಣ್ಣು, ಇನ್ನೊಂದರಲ್ಲಿ ಕೆಂಪು ಮಸಾರಿ ಮಣ್ಣು, ಮೂರನೆಯದರಲ್ಲಿ ಉಸುಕು. ನೀರು ಹಾಕಿ ರೊಟ್ಟಿಯ ಹಿಟ್ಟಿನ ಹದಕ್ಕೆ ಕಲಸಿ, ಅಂಚಿನವರೆಗೆ ಒತ್ತಿ ತುಂಬಿ ಬಿಸಿಲಿಗಿಡಿ. ನಾಲ್ಕೈದು ದಿನಕ್ಕೆ ಎರೆಮಣ್ಣು ಸುತ್ತಲೂ ಅಂಚು ಬಿಟ್ಟು ಒಳಗೆ ಸರಿದು, ನಡುವೆ ಸೀಳಿರುತ್ತದೆ. ಮಸಾರಿ ಕುಗ್ಗುವುದು ಬಹಳ ಕಡಿಮೆ. ಉಸುಕು ಕುಗ್ಗುವುದಿಲ್ಲ, ಆದರೆ ಮುಟ್ಟಿದರೆ ಉದುರುತ್ತದೆ. ಇಂಜಿನಿಯರುಗಳು ಇದರ ಉಲ್ಟಾ ಪರೀಕ್ಷೆ ಮಾಡುತ್ತಾರೆ. 10 ಗ್ರಾಂ ಒಣಮಣ್ಣಿನ ಪುಡಿಯನ್ನು ಒಂದು ಜಾಡಿಯಲ್ಲಿ ನೀರಿಗೆ, ಅಷ್ಟನ್ನೇ ಇನ್ನೊಂದರಲ್ಲಿ ಸೀಮೆಎಣ್ಣೆಗೆ ಹಾಕಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಹಾಗಾಗಿ ನೀರಿನಲ್ಲಿ ಎಷ್ಟು ಉಬ್ಬಿತು ಎಂದು ಹೋಲಿಸಿ ಹೇಳಬಹುದು. ಸೀಮೆಎಣ್ಣೆಯದನ್ನು ಮಾತ್ರ ಮನೆಯಲ್ಲಿ ಮಾಡಬೇಡಿ.

ಇನ್ನು ಆ ನೀರು ಬಂದದ್ದೆಲ್ಲಿಂದ? ಎದುರಿಗೇ ಇತ್ತು, ಮೂವತ್ತು ವರ್ಷ ನೋಡಿಯೂ ನೋಡಿರಲಿಲ್ಲ. ತಾರಸಿಯ ಮಳೆನೀರಿನ ಪೈಪು ಪಾವಟಿಗೆಯಿಂದ ಒಂದೇ ಅಡಿ ದೂರದಲ್ಲಿ ನೆಲಕ್ಕೆ ಸುರಿಯುತ್ತಿತ್ತು. ಆ ಪೈಪಿಗೆ ಬರುವುದು 600 ಚದರಡಿ ತಾರಸಿಯ ನೀರು. ಒಂದು ಇಂಚು ಮಳೆ ಬಿದ್ದರೆ 600ನ್ನು 12ರಿಂದ ಭಾಗಿಸಿ, 50 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಒಟ್ಟು 1,415 ಲೀಟರ್. 15 ಲೀಟರಿನ ಕೊಡದಲ್ಲಿ ತೊಂಬತ್ತನಾಲ್ಕು ಕೊಡ ನೀರು, ಒಂದೇ ಮಳೆಗೆ, ಒಂದೇ ಜಾಗಕ್ಕೆ! ಮೊಮ್ಮಗಳು ಈ ಲೆಕ್ಕವನ್ನು ಎರಡು ಸಲ ಮಾಡಿದಳು, ನಂಬಿಕೆ ಬರಲಿಲ್ಲ. ಅಷ್ಟು ನೀರು ಬಿರುಕಿನಲ್ಲಿ ಇಳಿದು, ಸಡಿಲ ಮಣ್ಣನ್ನು ಕೂರಿಸಿ, ನುಣ್ಣನೆಯ ಕಣಗಳನ್ನು ಹೆಗ್ಗಣದ ಬಿಲದ ದಾರಿಯಲ್ಲಿ ಹೊತ್ತುಕೊಂಡು ಹೋಗಿತ್ತು. ನೆಲದೊಳಗಿನ ನೀರಿನ ಪೈಪು ಒಡೆದಿರಬಹುದೇ ಎಂಬ ಸಂಶಯವೂ ಇತ್ತು. ರಾತ್ರಿ ಎಲ್ಲ ನಳ ಬಂದ್ ಮಾಡಿ, ತಾರಸಿಯ ಟಾಕಿಯಲ್ಲಿ ನೀರಿನ ಮಟ್ಟಕ್ಕೆ ಗುರುತು ಹಾಕಿ ಬೆಳಿಗ್ಗೆ ನೋಡಿದೆವು. ಮಟ್ಟ ಇಳಿದಿರಲಿಲ್ಲ. ಪೈಪಿನ ಮೇಲಿದ್ದ ಸಂಶಯ ಅಲ್ಲಿಗೆ ಮುಗಿಯಿತು.

ಈ ನಡುವೆ ಅಮೆರಿಕದಲ್ಲಿರುವ ನನ್ನ ತಮ್ಮನ ಮಗ, ಸುದ್ದಿ ಕೇಳಿ ಮೊಬೈಲಿಗೆ ಒಂದು ವಿಡಿಯೊ ಕಳಿಸಿದ. ಅಲ್ಲಿ ರಸ್ತೆಯಿಂದ ಗ್ಯಾರೇಜಿನವರೆಗೆ ಉದ್ದದ ಕಾಂಕ್ರೀಟು ಹಾದಿ ಇರುತ್ತದೆ, ಅದೂ ಕುಸಿಯುತ್ತದೆ. ಅವರು ಒಡೆಯುವುದಿಲ್ಲ. ಕಾಂಕ್ರೀಟಿನಲ್ಲಿ ತೂತು ಕೊರೆದು, ಮಣ್ಣು, ನೀರು, ಸಿಮೆಂಟಿನ ರಾಡಿಯನ್ನು ಪಂಪಿನಿಂದ ಒತ್ತಡದಲ್ಲಿ ಕೆಳಗೆ ತಳ್ಳುತ್ತಾರೆ. ಅದು ಖಾಲಿ ಜಾಗ ತುಂಬಿ, ಮೇಲಿನ ಹಾಸನ್ನೇ ಮೆಲ್ಲಗೆ ಎತ್ತುತ್ತದೆ. ಈಗ ರಾಡಿಯ ಬದಲು ಪಾಲಿಯುರೆಥೇನ್ ಎಂಬ ನೊರೆಯೂ ಬಂದಿದೆ. ಎರಡು ದ್ರವ ಬೆರೆತ ಕೂಡಲೇ ಉಬ್ಬಿ ಗಟ್ಟಿಯಾಗುತ್ತದೆ, ತೂತೂ ಸಣ್ಣದು ಸಾಕು. ನೂರಾರು ಕಿಲೋದ ಹಾಸು ಇಡ್ಲಿ ಉಬ್ಬಿದಂತೆ ಮೇಲೇಳುವುದನ್ನು ನೋಡಿ ಮೊಮ್ಮಗಳು ಚಪ್ಪಾಳೆ ತಟ್ಟಿದಳು. ನಮ್ಮ ದೇಶದಲ್ಲೂ ದೊಡ್ಡ ಕಾರ್ಖಾನೆಗಳ ನೆಲಕ್ಕೆ ಇಂಥ ಕೆಲಸ ಮಾಡುವವರಿದ್ದಾರೆ. ಆದರೆ ಆರಡಿ ಅಂಗಳಕ್ಕೆ ಆ ಯಂತ್ರವನ್ನು ಯಾರು ತರುತ್ತಾರೆ?

ಇಳಿದ ಕಡೆಯನ್ನು ಎತ್ತುವುದಷ್ಟೇ ದಾರಿ ಅಲ್ಲ ಎಂಬುದಕ್ಕೆ ಮೊಮ್ಮಗಳಿಗೆ ಪೀಸಾ ಗೋಪುರದ ಕಥೆ ಹೇಳಿದೆ. ಇಟಲಿಯ ಆ ಗೋಪುರದ ಕೆಲಸ 1173ರಲ್ಲಿ ಶುರುವಾಯಿತು. ಕೆಳಗಿನ ಮೆದು ಮಣ್ಣು ದಕ್ಷಿಣಕ್ಕೆ ಹೆಚ್ಚು ಕುಸಿದು ಗೋಪುರ ವಾಲಿತು. 1990ರಲ್ಲಿ ಬೀಳುವ ಭಯದಿಂದ ಜನರನ್ನು ಹತ್ತಿಸುವುದನ್ನೇ ನಿಲ್ಲಿಸಿದರು. ಇಂಜಿನಿಯರುಗಳು ಕುಸಿದ ಕಡೆಯನ್ನು ಎತ್ತಲಿಲ್ಲ. ಕುಸಿಯದ ಉತ್ತರದ ಬದಿಯ ಕೆಳಗಿನಿಂದ ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆದರು. ಗೋಪುರದ ತುದಿ ಸುಮಾರು 45 ಸೆಂಟಿಮೀಟರ್ ಹಿಂದಕ್ಕೆ ಬಂತು. 2001ರ ಡಿಸೆಂಬರಿನಲ್ಲಿ ಮತ್ತೆ ಜನರಿಗೆ ತೆರೆದರು. “ಹಂಗಾರ ಗೇಟಿನ ಕಡೆ ಮಣ್ಣ ತಗದ್ರ ಆತು” ಅಂದಳು ಮೊಮ್ಮಗಳು. ಹಾಗೆ ಮಾಡಿದರೆ ಮನೆಯ ಎಲ್ಲ ಪಾವಟಿಗೆ ಮತ್ತೆ ಕಟ್ಟಬೇಕಾಗುತ್ತದೆ ಎಂದು ಗೌಂಡಿ ನಕ್ಕ.

ಆತ ಅಂಗಳವನ್ನು ಮೂರು ಪಾಲು ಮಾಡಿದ. ಗೇಟಿನ ಕಡೆಯ ಗಟ್ಟಿ ಭಾಗವನ್ನು ಮುಟ್ಟಲಿಲ್ಲ. ನಡುವಿನ ಎರಡು ಟೊಳ್ಳು ಜಾಗಕ್ಕೆ ಒಂದೂವರೆ ಇಂಚಿನ ತೂತು ಕೊರೆದು, ಸಿಮೆಂಟು ಮತ್ತು ನುಣ್ಣನೆಯ ಉಸುಕನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ ಲಾಳಿಕೆಯಿಂದ ಸುರಿದ. ಒಂದು ತೂತಿನಲ್ಲಿ ಸುರಿದದ್ದು ಇನ್ನೊಂದರಲ್ಲಿ ಉಕ್ಕಿ ಬಂದರೆ ತುಂಬಿತು ಎಂದರ್ಥ. ಹೀಗೆ ಸುರಿದರೆ ಹಾಸು ಮೇಲೇಳುವುದಿಲ್ಲ, ಮುಂದೆ ಕುಸಿಯುವುದು ತಪ್ಪುತ್ತದೆ ಅಷ್ಟೇ. ಕೊರೆಯುವ ಮೊದಲು ನೀರಿನ ಪೈಪು, ಕರೆಂಟಿನ ವೈರು ಎಲ್ಲಿ ಹಾದಿದೆ ಎಂದು ಮೂರು ಸಲ ಕೇಳಿದ. 1994ರ ನಕಾಶೆಯನ್ನು ಬ್ಯಾಂಕಿನ ಸಾಲದ ಕಾಗದಗಳ ಜೊತೆ ಇಟ್ಟುಕೊಂಡಿದ್ದೆ, ಅದು ಈಗ ಉಪಯೋಗಕ್ಕೆ ಬಂತು.

ಪಾವಟಿಗೆಯ ಮುಂದಿನ 6 ಅಡಿಯನ್ನು ಮಾತ್ರ ಪೂರ್ತಿ ಒಡೆದು ತೆಗೆದದ್ದು. ಅದರ ಕೆಳಗಿನ ಕಸವನ್ನೂ ಎರೆಮಣ್ಣನ್ನೂ ಒಂದೂವರೆ ಅಡಿ ಆಳ ತೆಗೆಸಿದ. ಹೆಗ್ಗಣದ ಬಿಲಕ್ಕೆ ಕಲ್ಲು, ಸಿಮೆಂಟು ಗಿಡಿದ. ಆ ತಗ್ಗಿಗೆ ಗರಸು ತುಂಬಿದ. ನಾನು ಉಸುಕು ಹಾಕಿದರೆ ಹೇಗೆ ಎಂದು ಕೇಳಿದೆ. “ಎರಿಯಾಗ ಉಸುಕ ತುಂಬಿದ್ರ ಅದು ಬಾವಿ ಆಗತೈತ್ರೀ. ನೀರ ಅಲ್ಲೇ ನಿಂತು ಸುತ್ತಲ ಮಣ್ಣು ಉಬ್ಬತೈತಿ” ಅಂದ. ಗರಸನ್ನು ಒಮ್ಮೆಲೇ ಸುರಿಯಲಿಲ್ಲ. 6 ಇಂಚು ಹಾಕುವುದು, ಹದವಾಗಿ ನೀರು ಚಿಮುಕಿಸುವುದು, ದಮ್ಮಸ್ಸಿನಿಂದ ಕುಟ್ಟುವುದು, ಮತ್ತೆ 6 ಇಂಚು. ಮೂರು ಪದರಕ್ಕೆ ಒಂದು ಇಡೀ ದಿನ ಹಿಡಿಯಿತು. 2016ರಲ್ಲಿ ಕೆಲಸವೆಲ್ಲ ಎರಡು ದಿನದಲ್ಲಿ ಮುಗಿದದ್ದು ಹೇಗೆ ಎಂದು ಆಗ ತಿಳಿಯಿತು.

ಆ ರಾತ್ರಿ ಪುಸ್ತಕ ತಿರುವಿದಾಗ ಇದೇ ಉಪಾಯ ದೊಡ್ಡ ಪ್ರಮಾಣದಲ್ಲಿ ಸಿಕ್ಕಿತು. ಐಐಟಿ ಬಾಂಬೆಯ ಪ್ರಾಧ್ಯಾಪಕರಾಗಿದ್ದ ಆರ್. ಕೆ. ಕಟ್ಟಿ ಅವರು ಎರೆಮಣ್ಣಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಉಬ್ಬುವ ಮಣ್ಣಿನ ಮೇಲೆ ಉಬ್ಬದ ಅಂಟುಮಣ್ಣಿನ ಪದರ ಹಾಕಿ ಕುಟ್ಟಿದರೆ ಕೆಳಗಿನ ಉಬ್ಬರ ಮೇಲಿನ ಕಟ್ಟಡಕ್ಕೆ ತಾಗುವುದು ಬಹಳ ಕಡಿಮೆಯಾಗುತ್ತದೆ ಎಂದು ತೋರಿಸಿದರು. ನಮ್ಮ ಮಲಪ್ರಭಾ ಯೋಜನೆಯ ಕಾಲುವೆಗಳಲ್ಲೂ ಈ ಪದ್ಧತಿ ಬಳಸಿದ್ದಾರೆ. ಹುಬ್ಬಳ್ಳಿಯವರು ಕುಡಿಯುವುದೂ ಮಲಪ್ರಭೆಯ ನೀರನ್ನೇ. ಮರುದಿನ ಗೌಂಡಿಗೆ ಇದನ್ನು ಹೇಳಿದರೆ, “ಹೌದೇನ್ರೀ? ನಮ್ಮಪ್ಪನೂ ಹಿಂಗ ಮಾಡ್ತಿದ್ದ” ಎಂದು ಕರಣೆ ತೊಳೆಯತೊಡಗಿದ.

ಕಾಂಕ್ರೀಟು 5 ಇಂಚು ದಪ್ಪ, ಕಾರು ನಿಲ್ಲಬೇಕಲ್ಲ. 6 ಅಡಿ, 8 ಅಡಿ, 5 ಇಂಚು ಅಂದರೆ 20 ಘನ ಅಡಿ. ಒಂದು ಪಾಲು ಸಿಮೆಂಟು, ಒಂದೂವರೆ ಉಸುಕು, ಮೂರು ಖಡಿಯ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ಚೀಲ ಸಿಮೆಂಟು ಹಿಡಿಯಿತು. ನಡುವೆ 8 ಮಿಲಿಮೀಟರ್ ಸರಳಿನ ಜಾಳಿಗೆ. ಪಾವಟಿಗೆಗೂ ಹೊಸ ಕಾಂಕ್ರೀಟಿಗೂ ನಡುವೆ ಅರ್ಧ ಇಂಚಿನ ಥರ್ಮಾಕೋಲ್ ಪಟ್ಟಿ ಇಟ್ಟ. ಮನೆ ಒಂದು ರೀತಿ, ಅಂಗಳ ಇನ್ನೊಂದು ರೀತಿ ಅಲುಗುತ್ತವೆ, ಎರಡನ್ನೂ ಅಂಟಿಸಿದರೆ ಒಂದು ಇನ್ನೊಂದನ್ನು ಮುರಿಯುತ್ತದೆ. ಅಡಿಗೆ ಕಾಲು ಇಂಚಿನಂತೆ ಗೇಟಿನ ಕಡೆಗೆ ಇಳಿಜಾರು. ಮೊದಲ ಪಾವಟಿಗೆ ಮತ್ತೆ ಸರಿಯಾಗಿ 6 ಇಂಚು. ಇದನ್ನು ಆತ ಅಳೆದ ಮೇಲೆ ನಾನೂ ಅಳೆದೆ, ಹಳೇ ಚಾಳಿ.

ನೀರುಣಿಸುವುದು ನಮ್ಮ ಪಾಲಿಗೆ ಬಂತು. ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ, ನೀರಿನೊಂದಿಗೆ ಕೂಡಿ ಗಟ್ಟಿಯಾಗುವುದು. ಬೇಗ ಒಣಗಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಮೇಲೆ ಗೋಣಿ ಹಾಸಿ ಹತ್ತು ದಿನ ಮೂರು ಹೊತ್ತು ತೋಯಿಸಿದೆವು. ಕಾರು ನಾಲ್ಕು ವಾರ ರಸ್ತೆಯಲ್ಲೇ ನಿಂತಿತು. ಮೊದಲ ರಾತ್ರಿ ಯಾವುದೋ ಬೆಕ್ಕು ಓಡಾಡಿದ ನಾಲ್ಕು ಹೆಜ್ಜೆ ಮೂಲೆಯಲ್ಲಿ ಉಳಿದಿವೆ. ಅಳಿಸಲು ಮೊಮ್ಮಗಳು ಬಿಡಲಿಲ್ಲ. ಹಸಿ ಸಿಮೆಂಟನ್ನು ಬರಿಗೈಯಲ್ಲಿ ಮುಟ್ಟಲು ಮಾತ್ರ ನಾನು ಬಿಡಲಿಲ್ಲ, ಅದು ಚರ್ಮ ಸುಡುತ್ತದೆ.

ತಾರಸಿಯ ಪೈಪಿಗೆ ಇನ್ನೊಂದು ಉದ್ದದ ಪೈಪು ಜೋಡಿಸಿ, ಗೋಡೆಯಿಂದ 12 ಅಡಿ ದೂರದ ಇಂಗುಗುಂಡಿಗೆ ಬಿಟ್ಟೆವು. ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಕಡಿಮೆ ಖರ್ಚಾದದ್ದು ಇದಕ್ಕೆ. 2016ರಲ್ಲೇ ಮಾಡಿದ್ದರೆ ಉಳಿದ ಖರ್ಚಿನ ಬಹುಪಾಲು ಬರುತ್ತಿರಲಿಲ್ಲ.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಸುತ್ತಲ ನಾಲ್ಕು ಶಹಾಬಾದಿ ಫರಸಿಗಳೂ ತಗ್ಗಾಗಿದ್ದವು. ಸಂದಿನ ಸಿಮೆಂಟು ಉದುರಿ ಸಾಬೂನಿನ ನೀರೆಲ್ಲ ಕೆಳಗಿಳಿದಿತ್ತು. ಇದಕ್ಕೆ ಗೌಂಡಿ ಬೇಕಾಗಲಿಲ್ಲ, ನಾನೂ ಮಗನೂ ಒಂದು ರವಿವಾರ ಮುಗಿಸಿದೆವು. 2 ಅಡಿ ಚೌಕದ, ಒಂದೂವರೆ ಇಂಚು ದಪ್ಪದ ಫರಸಿ ಸುಮಾರು 38 ಕಿಲೋ. ಹಾರೆಯಿಂದ ಒಂದು ಅಂಚು ಎತ್ತಿ, ಕೆಳಗೆ ಕಟ್ಟಿಗೆಯ ತುಂಡು ಕೊಟ್ಟು, ಆಮೇಲೆಯೇ ಕೈ ಹಾಕಬೇಕು. ಬೆರಳು ಸಿಕ್ಕಿಕೊಂಡರೆ ಗತಿ ಇಲ್ಲ. ಮಕ್ಕಳು ದೂರ ನಿಂತು ನೋಡಬೇಕು, ನನ್ನ ವಯಸ್ಸಿನವರು ದೂರ ನಿಂತು ಸಲಹೆ ಕೊಡಬೇಕು. ಗರಸು ಹಾಕಿ ಕುಟ್ಟಿ, ಮೇಲೆ ಒಂದಿಂಚು ಸಿಮೆಂಟು ಬೆರೆಸಿದ ಕಲ್ಲುಪುಡಿ ಹರಡಿ, ಫರಸಿಗಳನ್ನು ಮತ್ತೆ ಕೂರಿಸಿ, ಕಟ್ಟಿಗೆಯ ಕೊಡತಿಯಿಂದ ತಟ್ಟಿ ಮಟ್ಟ ಮಾಡಿದೆವು. ಸಂದು ತುಂಬಿದೆವು. ಹಳೇ ಕಲ್ಲೇ, ಒಂದು ಚೂರೂ ಹಾಳಾಗಲಿಲ್ಲ. ಮತ್ತೆ ತಗ್ಗಾದರೆ ಮತ್ತೆ ಎತ್ತಬಹುದು. ಎರೆಮಣ್ಣಿನಲ್ಲಿ ಮನೆ ಇದ್ದವರಿಗೆ, ಕಾರಿನ ಗೊಡವೆ ಇಲ್ಲದಿದ್ದರೆ, ಒಂದೇ ಹಾಸಿನ ಕಾಂಕ್ರೀಟಿಗಿಂತ ಈ ಬಿಡಿಬಿಡಿ ಕಲ್ಲೇ ವಾಸಿ ಎಂದು ನನ್ನ ಅಭಿಪ್ರಾಯ. ನಮ್ಮ ಹಿರಿಯರ ಅಂಗಳಗಳು ಹಾಗೇ ಇದ್ದವು.

ಪ್ರತಿ ತಿಂಗಳ ಒಂದನೇ ತಾರೀಖು ಮೊಮ್ಮಗಳು ನೋಟುಪುಸ್ತಕ ಹಿಡಿದು ಪಾವಟಿಗೆಯ ಎತ್ತರ ಅಳೆಯುತ್ತಾಳೆ. ತಾರೀಖು, ಅಳತೆ, ವ್ಯತ್ಯಾಸ ಎಂದು ಮೂರು ಕಲಂ. ನವೆಂಬರಿನಿಂದ ಮೇವರೆಗೆ ಮೂರನೇ ಕಲಮಿನಲ್ಲಿ ಸೊನ್ನೆಗಳೇ ಇವೆ.

ಈ ವರ್ಷ ಜೂನ್ ಮೊದಲ ವಾರ ದೊಡ್ಡ ಮಳೆ ಬಂತು. ಮೂವರೂ ಬಾಗಿಲಲ್ಲಿ ನಿಂತು ನೋಡಿದೆವು. ಪಾವಟಿಗೆಯ ಮುಂದೆ ಒಂದು ಹನಿ ನಿಲ್ಲದೆ ನೀರು ಗೇಟಿನ ಕಡೆ ಹರಿದು ಹೋಯಿತು. ಮಳೆ ನಿಂತ ಮೇಲೆ ಹೆಂಡತಿ ಹಾಲು ತರಲು ಇಳಿದಳು. ಹಾಲಿಗೆ ನಾನು ಹೋಗುತ್ತೇನೆ ಎಂದರೆ ಈಗಲೂ ಕೇಳುವುದಿಲ್ಲ. ಇಳಿಯುವಾಗ ಗೋಡೆಗೆ ಕೈ ಊರುವ ರೂಢಿ ಆಕೆಗೆ ಹೋದ ವರ್ಷದಿಂದ ಬಂದಿದೆ. ಆ ದಿನ ಊರಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ.

ಗೇಟಿನ ಹತ್ತಿರ ಹೋದವಳು ಅಲ್ಲಿಂದಲೇ ಕೂಗಿದಳು: “ರೀ, ಪಾವಟಿಗಿ ಬರೋಬ್ಬರಿ ಐತಿ. ಆದ್ರ ಈ ಗೇಟು ನೆಲಕ್ಕ ತಿಕ್ಕಾಕತ್ತೈತಿ, ತೆಗಿಯಾಕ ಬರವಲ್ದು!”

ಮಳೆ ಕುಡಿದ ಎರೆಮಣ್ಣು ಆ ತುದಿಯಲ್ಲಿ ಉಬ್ಬಿತ್ತು. ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಮೊಮ್ಮಗಳು ನೀರಿನ ಪೈಪು ತರಲು ಅಟ್ಟ ಹತ್ತಿದ್ದಳು.